ದೊಡ್ಡಪ್ಪನಿಲ್ಲದ ಮೊದಲ ದಿನ

ಆನೆಯ ಬಲಗಿವಿಗೆ ಹೆಡ್‌ಫೋನ್ ಸಿಕ್ಕಿಸುವಷ್ಟರಲ್ಲಿ, ಬಾಗಿಲ ಆಚೆ ಯಾರೂ ಇಲ್ಲವೆಂದು ಅವನಿಗೆ ಅನ್ನಿಸಿತು.

ಮೈಮೇಲೆ ಸೋಪಿನ ನೊರೆ, ಕೈಯಲ್ಲಿ ಚೊಂಬು, ಬಾಯಲ್ಲಿ ಆನೆಯ ಕತೆ. ಹೆಡ್‌ಫೋನೆಂದರೆ ಅಂಗಡಿಯಲ್ಲಿ ಸಿಗುವಂಥದ್ದೇ? ಎರಡು ಟ್ರ್ಯಾಕ್ಟರ್ ಟೈರುಗಳಿಗೆ ಹಾಸಿಗೆಯ ಹತ್ತಿ ತುಂಬಿ, ನಡುವೆ ರೈಲು ಕಂಬಿ ಬಗ್ಗಿಸಿ ಮಾಡಿಸಿದ್ದು. ಎತ್ತಲು ಕ್ರೇನ್ ಬಂತು. ಆನೆ ಒಂದು ಸಲ ಕಿವಿ ಬೀಸಿತು ನೋಡು, ಕ್ರೇನಿನವನು ಸೀಟಿನ ಸಮೇತ ಹಾರಿ ಆಚೆ ಬೀದಿಯ ತಾರಸಿಯ ಮೇಲೆ ಹೋಗಿ ಕೂತ. ಇಲ್ಲಿ ಬಾಗಿಲಾಚೆಯಿಂದ ಹೆಂಡತಿ 'ಹೂಂ' ಅನ್ನಬೇಕು. ಅನ್ನಲಿಲ್ಲ.

ಅವನು ಕಾದ. ನಲ್ಲಿ ತೊಟ್ಟಿಕ್ಕಿತು.

"ತಾರಸಿಯ ಮೇಲೆ!" ಎಂದು ಇನ್ನೊಮ್ಮೆ ಕೂಗಿದ. ಬಚ್ಚಲ ಗೋಡೆಗಳು ಅದನ್ನು ಅವನಿಗೇ ವಾಪಸು ಕೊಟ್ಟವು.

ಈ ಮನೆಯಲ್ಲಿ ಅವನ ಮೌನಕ್ಕೆ ಒಂದೇ ಅರ್ಥವಿತ್ತು: ಬಿದ್ದಿದ್ದಾನೆ. ಮದುವೆಯಾದ ಹೊಸತರಲ್ಲಿ ಇದೇ ಬಚ್ಚಲಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು, ಫಿಟ್ಸ್ ಬಂದು ಬಿದ್ದಿದ್ದ. ಬಾಗಿಲು ಒಡೆಯುವಷ್ಟರಲ್ಲಿ ನೆಲದ ನೀರೆಲ್ಲ ಕೆಂಪಾಗಿತ್ತು. ಅಂದೇ ಚಿಲಕ ಕಿತ್ತಿಸಿದರು. ಅಂದೇ ಅವಳು ನಿಯಮವನ್ನೂ ಮಾಡಿದಳು. ಕಣ್ಣಿಗೆ ಕಾಣದ ಕಡೆ ಅವನಿದ್ದರೆ ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಅವಳು ಒಳಗೆ ನುಗ್ಗುತ್ತಾಳೆ.

ಹಾಡಬಹುದಿತ್ತು. ಅವನ ಹಾಡಿಗಿಂತ ಫಿಟ್ಸೇ ವಾಸಿ ಎಂದು ಅವಳು ಮೊದಲ ವಾರದಲ್ಲೇ ತೀರ್ಪು ಕೊಟ್ಟಿದ್ದಳು. ಹೀಗಾಗಿ ಮಾತು. ಆದರೆ ನಿಜವಾದ ಮಾತು ಎಷ್ಟು ಹೊತ್ತು ಬಂದೀತು? ಎರಡು ಚೊಂಬು ನೀರಿಗೆ ಮುಗಿದುಹೋಗುತ್ತದೆ. ಸುಳ್ಳಿಗೆ ಮಾತ್ರ ಬಕೆಟ್ಟು ಬರಿದಾಗುವವರೆಗೆ ಬಾಳಿಕೆ. ಹಾಗೆ ಅವನು ಸುಳ್ಳು ಹೇಳಲು ಕಲಿತ. ಕಲಿತ ಅನ್ನುವುದು ತೀರಾ ಕಡಿಮೆಯಾಯಿತು. ಆ ರಾಜ್ಯವನ್ನು ಗೆದ್ದು ಪಟ್ಟಕ್ಕೇರಿದ. ಹಲ್ಲುಜ್ಜುವಾಗ ಒಂದು, ಗಡ್ಡ ಹೆರೆಯುವಾಗ ಒಂದು, ಸ್ನಾನಕ್ಕೆ ಒಂದು ಧಾರಾವಾಹಿ. ಅವನು ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು, ಮೇಲೆ ಹೋಗಿ ಬಟ್ಟೆ ಒಣಗಿಹಾಕಿ ಬರಬಹುದಿತ್ತು.

ಮೈಗೆ ನೀರು ಹುಯ್ದುಕೊಂಡು ತಿರುಗಿದಾಗ ಬಾಗಿಲಿನ ಮೇಲೆ ಅದು ಕಂಡಿತು. ಹಿತ್ತಾಳೆಯ ಚಿಲಕ. ಹೊಸದು. ಸ್ಕ್ರೂ ಕೊರೆದಲ್ಲಿ ಮರದ ಪುಡಿ ಇನ್ನೂ ಅಂಟಿಕೊಂಡಿತ್ತು.

ಹೊರಗೆ ಬಂದಾಗ ಅವಳು ಕಿಟಕಿಯ ಬಳಿ ಕುರ್ಚಿ ಹಾಕಿ ಕೂತು, ಸ್ಟೂಲಿನ ಮೇಲೆ ಕಾಲು ಚಾಚಿ, ಟೀ ಕುಡಿಯುತ್ತಿದ್ದಳು. ಅವಳು ಕೂತು ಟೀ ಕುಡಿದದ್ದನ್ನು ಅವನು ನೋಡಿಯೇ ಇರಲಿಲ್ಲ. ಬಚ್ಚಲ ಬಾಗಿಲಿಗೆ ಒರಗಿ ನಿಂತು, ಲೋಟ ಎತ್ತಿ ಕುಡಿಯುವವಳು.

"ಕೇಳಿಸ್ಲಿಲ್ವಾ?"

"ಏನು?"

"ಆನೆ."

"ಯಾವ ಆನೆ?" ಅಂದಳು. ಆಮೇಲೆ ಅವಳ ಕಣ್ಣು ಅರಳಿತು. "ಚಿಲಕ ನೋಡಿದ್ರಾ? ನಿನ್ನೆ ಬಡಗಿ ಬಂದಿದ್ದ. ನಿಮಗೆ ಹೇಳ್ದೇನೇ ಹಾಕಿಸ್ದೆ. ಇನ್ಮೇಲೆ ಮಹಾರಾಜನ ಹಾಗೆ ಬಾಗಿಲು ಹಾಕ್ಕೊಂಡು ಸ್ನಾನ ಮಾಡಿ. ಗಂಟಲು ಹರ್ಕೊಳ್ಳೋದೇ ಬೇಡ."

"ಬೇಡವಾ?"

"ಮತ್ತೆ? ಡಾಕ್ಟ್ರೇ ಹೇಳಿದ್ರಲ್ಲ. ಇವತ್ತಿಂದ ದೊಡ್ಡಪ್ಪ ಇಲ್ಲ, ಅಳಿಯ ಒಬ್ನೇ ಸಾಕು, ಎಲ್ಲರ ಹಾಗೆ ಇರಿ ಅಂತ."

ದೊಡ್ಡಪ್ಪ ಅಂದರೆ ಹಳೆಯ ಮಾತ್ರೆ. ಗುಲಾಬಿ ಬಣ್ಣ, ದೋಣಿಯ ಗಾತ್ರ. ಗಂಟಲಲ್ಲಿ ಲಂಗರು ಹಾಕಿ ನಿಂತುಬಿಡುತ್ತಿತ್ತು. ಅದು ದೊಡ್ಡ ಫಿಟ್ಸನ್ನು ತಡೆಯಿತು ನಿಜ. ಚಿಕ್ಕವು ಬೇಲಿಯ ಸಂದಿಯಲ್ಲಿ ನುಸುಳುತ್ತಿದ್ದವು. ಮಾತಿನ ನಡುವೆ ಅವನು ಗೈರುಹಾಜರಾಗುತ್ತಿದ್ದ, ಕಣ್ಣು ತೆರೆದೇ ಇರುತ್ತಿತ್ತು, ಮರಳಿ ಬಂದಾಗ ಮಾತು ಅವನನ್ನು ಬಿಟ್ಟು ಮುಂದಕ್ಕೆ ಹೋಗಿರುತ್ತಿತ್ತು. ತಡೆದದ್ದಕ್ಕೆ ಬಾಡಿಗೆಯಾಗಿ ದೊಡ್ಡಪ್ಪ ಅವನ ತಲೆಗೂದಲನ್ನು ತೆಗೆದುಕೊಂಡ, ಹೊಟ್ಟೆಯನ್ನು ಕೊಟ್ಟ, ಕೈಗಳಿಗೆ ನಡುಕ ಹಚ್ಚಿದ. ಜನರ ಕಿವಿಯೊಳಗೆ ಕೊಳವೆ ಇಟ್ಟು ನೋಡುವವನ ಕೈ ನಡುಗಿದರೆ ಹೇಗೆ? ಕೊಳವೆ ಕಂಡರೆ ಸಾಕು, ರೋಗಿಗಳು ಕುರ್ಚಿಯಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದರು.

"ಬದಲಾಯಿಸೋಣ," ಎಂದಿದ್ದರು ನರರೋಗದ ಡಾಕ್ಟರು. "ಆದ್ರೆ ಒಮ್ಮೆಗೇ ಹೊರಗೆ ಹಾಕಿದ್ರೆ ಮುದುಕ ರಂಪ ಮಾಡ್ತಾನೆ. ಇವನನ್ನ ಒಂದೊಂದೇ ಮೆಟ್ಲು ಇಳಿಸೋಣ, ಹೊಸಬನನ್ನ ಒಂದೊಂದೇ ಮೆಟ್ಲು ಹತ್ತಿಸೋಣ. ಮಧ್ಯದಲ್ಲಿ ಇಬ್ರೂ ಎದುರಾಗ್ತಾರೆ. ಆಗ ನಿಮಗೆ ಸ್ವಲ್ಪ ತಲೆ ಸುತ್ತಬಹುದು."

ಸುತ್ತಿತು. ತಿಂಗಳುಗಟ್ಟಲೆ ಸುತ್ತಿತು. ಭೂಮಿ ಸುತ್ತುವುದು ತನ್ನಿಂದಲೇ ಎಂದು ಅವನು ಹೆಂಡತಿಗೆ ಹೇಳಿ ನಂಬಿಸಲು ನೋಡಿದ. ಹೊಸಬ ಬಿಳಿ, ಪುಟಾಣಿ, ರುಚಿಯಿಲ್ಲದವನು. ಬಂದ ದಿನದಿಂದ ಮನೆಯವರೆಲ್ಲರ ಮೆಚ್ಚುಗೆ ಗಳಿಸಿದವನು. ಅಳಿಯ. ಅಳಿಯ ಬಂದಮೇಲೆ ಅವನು ಬೀಳಲಿಲ್ಲ, ಒಂದು ಸಲವೂ ಗೈರುಹಾಜರಾಗಲಿಲ್ಲ. ಕೈಯ ನಡುಕ ನಿಂತಿತು. ನೆತ್ತಿಯ ಮೇಲೆ ಎರಡು ಹೊಸ ಕೂದಲು ಕೂಡ ಬಂದವು.

"ನಿನ್ನೆ ರಾತ್ರಿ ಎಂಥ ನಿದ್ದೆ ಗೊತ್ತಾ," ಅಂದಳು ಅವಳು. "ಕಲ್ಲು ಕಟ್ಟಿ ಬಾವಿಗೆ ಬಿಟ್ಟ ಹಾಗೆ. ಎಲ್ಲಿ ಇದೀನಿ ಅನ್ನೋದೇ ಗೊತ್ತಿರ್ಲಿಲ್ಲ."

"ನೀನು ಗೊರಕೆ ಹೊಡೀತಿದ್ದೆ."

"ಸುಳ್ಳು!"

"ಸತ್ಯವಾಗ್ಲೂ."

"ನಿಮ್ಮ ಬಾಯಲ್ಲಿ ಸತ್ಯ ಯಾವಾಗಿಂದ?" ಅವಳು ನಕ್ಕಳು. ನಗುವಾಗ ತಲೆಯನ್ನು ಕುರ್ಚಿಯ ಬೆನ್ನಿಗೆ ಚೆಲ್ಲಿದಳು. ಅದೂ ಹೊಸದೇ. ಅವಳ ತಲೆ ಯಾವಾಗಲೂ ಒಂದು ಬದಿಗೆ ವಾಲಿರುತ್ತಿತ್ತು, ಪಕ್ಕದ ಕೋಣೆಯ ಕಡೆಗೆ.

ಅವನಿಗೆ ಸಂತೋಷವಾಗಬೇಕಿತ್ತು. ಬಟ್ಟೆ ಹಾಕಿಕೊಳ್ಳುತ್ತ ಸಂತೋಷಕ್ಕಾಗಿ ಜೇಬುಗಳಲ್ಲೆಲ್ಲ ಹುಡುಕಿದ.

"ಒಂದು ಕತೆ ಹೇಳು," ಎಂದ.

"ನಾನಾ?"

"ಇಷ್ಟು ವರ್ಷ ನಾನು ಹೇಳಿದ್ನಲ್ಲ, ಅದರಲ್ಲಿ ಒಂದು. ಯಾವುದಾದ್ರೂ ಆಗಬಹುದು."

ಅವಳು ಲೋಟದೊಳಗೆ ನೋಡಿದಳು. ಅಲ್ಲಿ ಏನಾದರೂ ಬರೆದಿರಬಹುದು ಎಂಬಂತೆ.

"ಎಷ್ಟೊಂದು ಹೇಳಿದೀರ."

"ಹೌದು. ಒಂದು ಸಾಕು."

"ಲೈಬ್ರರಿ ಬೀಗದಕೈ ನನ್ನ ಹತ್ರ ಇದೆ ಕಣ್ರೀ. ಜನ ಬಾಗಿಲಲ್ಲಿ ನಿಂತಿರ್ತಾರೆ." ಅವಳು ಎದ್ದಳು. "ಸಂಜೆ ಹೇಳ್ತೀನಿ."

"ಸಂಜೆ?"

"ಸಂಜೆ. ಕೂತ್ಕೊಂಡು. ನೆನಪು ಮಾಡ್ಕೊಂಡು."

ಹಗಲೆಲ್ಲ ಮೌನ ಕಾಯುವ ಕೆಲಸ ಅವಳದು. ಮನೆಗೆ ಬಂದರೆ ಮಾತು ಕಾಯುವ ಕೆಲಸ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಅವಳು ಏನನ್ನೋ ಗುನುಗಿದಳು. ಅದು ಅವನ ಯಾವ ಕತೆಯೂ ಆಗಿರಲಿಲ್ಲ.

*

ಬೀದಿ ಬದಿಯಲ್ಲಿ ಒಂದು ನಾಯಿ ಮಲಗಿತ್ತು. ಕರುವಿನಷ್ಟು ದೊಡ್ಡ ನಾಯಿ, ಎಂದುಕೊಂಡ. ನಾಯಿ ನಾಯಿಯಷ್ಟೇ ಇತ್ತು. ಬಾಲ ಕಟ್ಟಡದ ಈ ತುದಿಯಿಂದ ಆ ತುದಿಗೆ, ಎಂದು ಇನ್ನೊಮ್ಮೆ ಪ್ರಯತ್ನಿಸಿದ. ಬಾಲ ಮೋಟಾಗಿತ್ತು.

ಅಳಿಯನ ಕೆಲಸವಿದು. ದೊಡ್ಡಪ್ಪನ ಕಾಲದಲ್ಲಿ ಎಲ್ಲದಕ್ಕೂ ಒಂದು ಮಂಜಿನ ಅಂಚಿತ್ತು. ಆ ಅಂಚನ್ನು ಹಿಡಿದು ಎಳೆದರೆ ಎಷ್ಟು ಬೇಕಾದರೂ ಹಿಗ್ಗುತ್ತಿತ್ತು. ಈಗ ಪ್ರತಿಯೊಂದೂ ತನ್ನ ಅಳತೆಯ ಅಂಗಿ ಹಾಕಿಕೊಂಡು ನಿಂತಿತ್ತು. ಕಂಬ ಕಂಬದಷ್ಟು. ಬಸ್ಸು ಬಸ್ಸಿನಷ್ಟು. ಬಸ್ಸಿನ ಗಾಜಿನಲ್ಲಿ ಕಂಡ ನಡುವಯಸ್ಸಿನ ಗಂಡಸು ಆ ಗಂಡಸಿನಷ್ಟೇ.

ಕತೆ ಹೇಳುತ್ತಿದ್ದದ್ದು ತಾನೋ, ರೋಗವೋ, ಗುಲಾಬಿ ಮಾತ್ರೆಯೋ? ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನನ್ನು ಕೇಳುವಂಥ ಪ್ರಶ್ನೆಯಲ್ಲ. ಪಕ್ಕದಲ್ಲಿ ಕೂತವನು ಬೆಳಗ್ಗೆಯೇ ನಿದ್ದೆಯಲ್ಲಿದ್ದ.

ಬಿದ್ದು ಎದ್ದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಅವಳ ಮುಖ. ತಲೆಕೆಳಗಾದ ಮುಖ. ಹಣೆ ಕೆಳಗೆ, ಗಲ್ಲ ಮೇಲೆ, ನಡುವೆ ಎರಡು ಕಣ್ಣು. ಹೆಸರು ಮರೆತಿರುತ್ತಿತ್ತು, ಊರು ಮರೆತಿರುತ್ತಿತ್ತು, ಆ ಕಣ್ಣುಗಳು ಮಾತ್ರ ಇಡೀ ಭೂಮಿಯ ಮೇಲೆ ಬೇರೆ ನೋಡಲು ಏನೂ ಇಲ್ಲ ಎಂಬಂತೆ ಅವನನ್ನೇ ನೋಡುತ್ತಿರುತ್ತಿದ್ದವು. ಚಕ್ರವರ್ತಿಗಳನ್ನೂ ಯಾರೂ ಹಾಗೆ ನೋಡಿರಲಿಕ್ಕಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಎಂದು ಅವನು ತನಗೇ ಹೇಳಿಕೊಂಡ. ಹೇಳಿಕೊಂಡಮೇಲೆ ಅನುಮಾನ ಬಂತು.

*

ಶ್ರವಣ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಎರಡೇ ಕೋಣೆ. ಹೊರಗಿನದರಲ್ಲಿ ಕೌಂಟರಿನ ಹುಡುಗಿ. ಒಳಗಿನದರಲ್ಲಿ ಅವನು, ಅವನ ಯಂತ್ರ, ಮತ್ತು ರೋಗಿಯನ್ನು ಕೂರಿಸುವ ಶಬ್ದವಿಲ್ಲದ ಪೆಟ್ಟಿಗೆ. ಅದರ ಗೋಡೆಗೆ ಒಂದು ಮೊಳ ದಪ್ಪದ ಸ್ಪಂಜು. ಹೊರಗೆ ಪ್ರಳಯವಾದರೂ ಒಳಗಿದ್ದವನಿಗೆ ಗೊತ್ತಾಗುವುದಿಲ್ಲವೆಂದು ಅವನು ರೋಗಿಗಳಿಗೆ ಹೇಳುತ್ತಿದ್ದ. ಊರಿನ ಅರ್ಧ ಜನರ ಕಿವಿಯೊಳಗೆ ತಾನು ಇಣುಕಿದ್ದೇನೆ, ಉಳಿದರ್ಧ ಜನ ಮುಜುಗರಕ್ಕೆ ಬಂದಿಲ್ಲ ಎಂದೂ ಹೇಳುತ್ತಿದ್ದ. ಕೌಂಟರಿನ ಹುಡುಗಿ ನಗುತ್ತಿದ್ದಳು. ಅವನ ಪ್ರತಿ ಕತೆಗೂ ಅವಳ ನಗು ಗೋಡೆಯಾಚೆಯಿಂದ ಸರಿಯಾದ ಜಾಗದಲ್ಲಿ ಬಂದು ಬೀಳುತ್ತಿತ್ತು. ಇಷ್ಟು ಒಳ್ಳೆಯ ಕೇಳುಗರು ಯಾವ ನಾಟಕದವನಿಗೂ ಸಿಕ್ಕಿಲ್ಲವೆಂದು ಅವನ ಹೆಮ್ಮೆ.

ಇಲ್ಲಿ ಯಾರಿಗೂ ಅವನ ಕಾಯಿಲೆ ಗೊತ್ತಿಲ್ಲ ಎನ್ನುವುದು ಇನ್ನೊಂದು ಹೆಮ್ಮೆ.

ಬಾಗಿಲು ತೆರೆದಿಟ್ಟುಕೊಂಡು ಯಂತ್ರದ ಧೂಳು ಒರೆಸುತ್ತ ಆನೆಯನ್ನು ಮತ್ತೆ ಎಬ್ಬಿಸಿದ. ಟೈರು ಬಂತು. ಕ್ರೇನ್ ಬಂತು. ಕ್ರೇನಿನವನು ತಾರಸಿ ಮುಟ್ಟಿದ. ಹೊರಗೆ ಸದ್ದಿಲ್ಲ. ಹೋಗಿ ನೋಡಿದರೆ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನಿನಲ್ಲಿ ಏನೋ ನೋಡುತ್ತಿದ್ದಳು.

ಅವನನ್ನು ಕಂಡು ವೈರು ಕಿತ್ತಳು. "ಏನು ಸಾರ್, ಕರೆದ್ರಾ?"

"ಇಲ್ಲ. ಕತೆ ಹೇಳ್ತಿದ್ದೆ."

"ಓ." ಅವಳು ಒಂದು ಕ್ಷಣ ತಬ್ಬಿಬ್ಬಾದಳು. "ಮೇಡಂ ನಿಮಗೆ ಹೇಳ್ಲಿಲ್ವಾ?"

"ಯಾವ ಮೇಡಂ?"

"ನಿಮ್ಮ ಮನೆಯವರು ಸಾರ್. ನಿನ್ನೆ ಫೋನ್ ಮಾಡಿದ್ರು. ಇನ್ಮೇಲೆ ಬೇಡಮ್ಮ, ಅವರಿಗೆ ವಾಸಿಯಾಗಿದೆ, ನಿನಗೂ ಸಾಕಾಗಿದೆ, ಅಂತ. ಸ್ವೀಟು ಕೂಡ ಕೊಡಿಸ್ತೀನಿ ಅಂದ್ರು."

"ಏನು ಬೇಡ?"

"ಅದೇ ಸಾರ್, ಕಿವಿ ಕೊಟ್ಕೊಂಡು ಕೂರೋದು. ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ರಲ್ಲ. ಅವರು ಮಾತಾಡ್ತಾ ಇದ್ರೆ ನಗ್ತಾ ಇರು, ಮಾತು ನಿಂತ್ರೆ ಒಳಗೆ ಓಡು ಅಂತ." ಅವಳು ಮುಗುಳ್ನಕ್ಕಳು. "ಎರಡು ಸಲ ಓಡಿ ಬಂದಿದ್ದೆ ಸಾರ್. ನೀವು ಗೋಡೆ ನೋಡ್ಕೊಂಡು ಕೂತಿದ್ರಿ. ಭುಜ ಹಿಡ್ಕೊಂಡು ನಿಂತಿದ್ದೆ. ನಿಮಗೆ ನೆನಪಿರಲ್ಲ."

ಅವನಿಗೆ ನೆನಪಿರಲಿಲ್ಲ.

"ಕತೆ?" ಎಂದ.

"ಹಾಂ?"

"ಕತೆ ಕೇಳ್ತಿದ್ಯಾ?"

"ಸಾರ್, ಕೆಲಸ ಇರುತ್ತಲ್ಲ ಸಾರ್," ಎಂದು ಅವಳು ಅಪರಾಧಿಯಂತೆ ಪೆನ್ನಿನ ಮುಚ್ಚಳ ತಿರುಗಿಸಿದಳು. "ಸದ್ದು ಬರ್ತಿತ್ತು. ಸದ್ದು ಏರಿದಾಗ ನಗ್ತಿದ್ದೆ."

ಅವನು ಒಳಗೆ ಹೋಗಿ ಯಂತ್ರದ ಮುಂದೆ ಕೂತ. ಸಿಟ್ಟು ಬರಬೇಕಿತ್ತು. ಹೊಸ ಮಾತ್ರೆಗೆ ಸಿಟ್ಟು ಜಾಸ್ತಿಯೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಂದದ್ದು ಸಿಟ್ಟಲ್ಲ. ಊರಿಗೆ ಊರೇ ಕಿವಿಯಾಗಿ ತನ್ನ ಸುತ್ತ ಕೂತಿತ್ತು, ನಿನ್ನೆಯವರೆಗೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅವನನ್ನು ತುಂಬಿದ ಲೋಟದ ಹಾಗೆ ದಾಟಿಸುತ್ತಿದ್ದರು. ಈಗ ಮೇಜಿನ ಮೇಲೆ ಇಟ್ಟು, ಕೈ ಒರೆಸಿಕೊಂಡು, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು.

ಆದರೆ ಹೆಂಡತಿ ಕೇಳಿರುತ್ತಾಳೆ, ಎಂದುಕೊಂಡ. ಈ ಹುಡುಗಿಯ ಮಾತು ಬೇರೆ. ಅವಳು ಬಾಗಿಲಿಗೆ ಒರಗಿ, ಅಷ್ಟು ವರ್ಷ... ಒಂದಾದರೂ. ಸಂಜೆ ಹೇಳುತ್ತಾಳೆ.

*

ಮಧ್ಯಾಹ್ನ ಒಬ್ಬ ಮುದುಕನನ್ನು ಅವನ ಸೊಸೆ ಕರೆತಂದಳು. ಭುಜ ಹಿಡಿದು ನಡೆಸಿ, ಕಿವಿಯ ಹತ್ತಿರ ಬಾಯಿಟ್ಟು, "ಇಲ್ಲಿ ಕೂತ್ಕೊಳ್ಳಿ ಮಾವ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಏನೂ ಕೇಳ್ಸಲ್ಲ ಸಾರ್. ಪಟಾಕಿ ಹೊಡೆದ್ರೂ ತಿರುಗಲ್ಲ. ಒಂದು ಮಿಷನ್ ಹಾಕಿಬಿಡಿ. ನನ್ನ ಗಂಟಲು ಬಿದ್ದುಹೋಗಿದೆ."

ಮುದುಕನನ್ನು ಪೆಟ್ಟಿಗೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಸೊಸೆ ಹೊರಗೆ ಹೋದಳು. ಅವನು ಗಾಜಿನ ಈಚೆ ಯಂತ್ರದಿಂದ ಸದ್ದು ಕಳಿಸಿದ. ಮುದುಕ ಒತ್ತಲಿಲ್ಲ. ಇನ್ನಷ್ಟು ಜೋರಾಗಿ. ಒತ್ತಲಿಲ್ಲ. ಕಲ್ಲು ಬಂಡೆಯೂ ಅಯ್ಯೋ ಅನ್ನುವಷ್ಟು ಜೋರಾಗಿ ಕಳಿಸಿದ. ಮುದುಕ ಬುದ್ಧನ ಹಾಗೆ ಕೂತಿದ್ದ. ಆದರೆ ಪ್ರತಿ ಸದ್ದಿಗೂ ಅವನ ಎಡಹುಬ್ಬು, ಇಷ್ಟೇ ಇಷ್ಟು, ಏರಿ ಇಳಿಯುತ್ತಿತ್ತು.

ಅವನು ಮೈಕಿಗೆ ಬಾಯಿಟ್ಟು, ಉಸಿರಿನಲ್ಲಿ, "ತಾತ, ಚಪ್ಪಲಿ ಪಟ್ಟಿ ಕಿತ್ತಿದೆ" ಎಂದ.

ಮುದುಕ ಬಗ್ಗಿ ಚಪ್ಪಲಿ ನೋಡಿದ. ಆಮೇಲೆ ಬಗ್ಗಿದ ತಲೆಯನ್ನು ಬಹಳ ಹೊತ್ತು ಎತ್ತಲಿಲ್ಲ.

ಅವನು ಪೆಟ್ಟಿಗೆಯ ಬಾಗಿಲು ತೆರೆದ.

"ಗೊತ್ತಾಗ್ಹೋಯ್ತಾ?" ಮುದುಕನ ದನಿ ಮಕ್ಕಳಾಟದಲ್ಲಿ ಸಿಕ್ಕಿಬಿದ್ದವನ ದನಿ.

"ಯಾಕೆ ತಾತ ಇದೆಲ್ಲ?"

"ಕೇಳ್ಸುತ್ತೆ ಅಂದ್ರೆ ಅಡುಗೆಮನೆಯಿಂದ್ಲೇ ಕೂಗ್ತಾರೆ ಡಾಕ್ಟ್ರೇ. ಮಗ ಅಂತೂ ಮೆಟ್ಲು ಇಳೀತಾ ಇಳೀತಾನೇ ಮಾತಾಡಿ ಮುಗಿಸ್ತಾನೆ. ಕೇಳ್ಸಲ್ಲ ಅಂದ್ರೆ ಹತ್ರ ಬರ್ತಾರೆ. ಇಲ್ಲಿ ಕೈ ಇಡ್ತಾರೆ." ಭುಜ ತೋರಿಸಿದ. "ಕಿವೀಲಿ ಹೇಳ್ತಾರೆ. ಏನು ಹೇಳ್ತಾರೆ ಬಿಡಿ, ಊಟಕ್ಕೆ ಬನ್ನಿ ಅಂತ. ಆದ್ರೂ."

"ಆದ್ರೂ."

"ನಿಮ್ಮ ಗಂಟೇನು ಹೋಗುತ್ತೆ? ಕಿವುಡು ಅಂದ್ಬಿಡಿ. ಮಿಷನ್ನಿಗೆ ಬಗ್ಗೋ ಕಿವುಡಲ್ಲ ಅನ್ನಿ."

ದೊಡ್ಡಪ್ಪನ ಕಾಲವಾಗಿದ್ದರೆ ಅವನು ಈ ಮುದುಕನಿಗಾಗಿ ಹೊಸದೊಂದು ಕಿವುಡನ್ನೇ ಕಂಡುಹಿಡಿಯುತ್ತಿದ್ದ. ಲಕ್ಷಕ್ಕೊಬ್ಬರಿಗೆ ಬರುವ ಕಿವುಡು. ಭುಜ ಮುಟ್ಟಿದರೆ ಮಾತ್ರ ತೆರೆದುಕೊಳ್ಳುವ ಕಿವುಡು. ದಿನಕ್ಕೆ ಮೂರು ಹೊತ್ತು ಊಟದ ಮೊದಲು ಕಿವಿಯಲ್ಲಿ ಮಾತಾಡಬೇಕು, ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು. ಬಾಯಿ ತೆರೆದ. ಅದು ಬರಲಿಲ್ಲ.

ಸೊಸೆ ಒಳಗೆ ಬಂದಳು.

"ಕಿವಿ ಸರಿಯಾಗಿದೆ," ಎಂದ. "ನನ್ನ ಕಿವಿಗಿಂತ ಚೆನ್ನಾಗಿದೆ. ಮಿಷನ್ ಬೇಕಾಗಿಲ್ಲ."

ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದಲೋ, ಆ ಭುಜದ ಮೇಲಿನ ಹೊಟ್ಟೆಕಿಚ್ಚಿನಿಂದಲೋ, ಅವನಿಗೇ ತಿಳಿಯಲಿಲ್ಲ. ಅಳಿಯನಿಗೂ ಅದನ್ನು ಅಳೆಯಲು ಬರುತ್ತಿರಲಿಲ್ಲ.

ಸೊಸೆ ಮಾವನನ್ನು ನೋಡಿದಳು. ಬಯ್ಯಲಿಲ್ಲ. ಬ್ಯಾಗು ಭುಜಕ್ಕೆ ಹಾಕಿಕೊಂಡು ಬಾಗಿಲು ದಾಟಿ ಮೆಟ್ಟಿಲು ಇಳಿದಳು. ಕೆಳಗಿನಿಂದ, ಪಕ್ಕದಲ್ಲಿದ್ದವರೊಡನೆ ಮಾತಾಡುವ ದನಿಯಲ್ಲಿ, "ಬನ್ನಿ" ಎಂದಳು.

ಮುದುಕ ಅವನನ್ನು ಒಮ್ಮೆ ನೋಡಿ, ಗೋಡೆ ಹಿಡಿದುಕೊಂಡು ಹೊರಟ. ಚಪ್ಪಲಿಯ ಪಟ್ಟಿ ನಿಜವಾಗಿಯೂ ಕಿತ್ತುಹೋಗಿತ್ತು.

*

ಆ ಸಂಜೆ ಅವನು ಎಂದಿಗಿಂತ ಬೇಗ ಹೊರಟ. ದಾರಿಯಲ್ಲಿ ಅವಳಿಗೆ ನೆನಪಾಗಬಹುದಾದ ಕತೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಸೀನಿ ಸೀನಿ ಕೊಡೆಯನ್ನು ಆಕಾಶಕ್ಕೆ ಹಾರಿಸಿದ ಪೋಸ್ಟ್‌ಮ್ಯಾನ್. ಕಿವಿಯಲ್ಲಿ ಹಕ್ಕಿ ಗೂಡು ಕಟ್ಟಿದ್ದರಿಂದ ಮದುವೆಯೇ ತಪ್ಪಿಹೋದ ಪೈಲ್ವಾನ. ಸುಲಭದ್ದು ಆಗಲಿ, ಅರ್ಧ ಆದರೂ ಆಗಲಿ. "ಅದೇ ಆ ಪೈಲ್ವಾನ ಇದ್ನಲ್ಲ" ಅಂದರೂ ಸಾಕು. ಪೈಲ್ವಾನನ ಹೆಸರನ್ನು ಅವಳು ತಪ್ಪು ಹೇಳಿದರೆ ತಾನು ತಿದ್ದುವುದಿಲ್ಲ.

ಬಾಗಿಲು ತಳ್ಳಿದ. ದೀಪ ಹಾಕಿರಲಿಲ್ಲ. ಕಿಟಕಿಯಲ್ಲಿ ಇನ್ನೂ ಒಂದಿಷ್ಟು ಬೆಳಕಿತ್ತು.

ಅವಳು ಕೋಣೆಯ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಲೈಬ್ರರಿಗೆ ಹೋದ ಬಟ್ಟೆಯಲ್ಲೇ. ಒಂದು ಕಾಲಿನ ಗೆಜ್ಜೆ ಬಿಚ್ಚಿ ಕೈಯಲ್ಲಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಬಿಚ್ಚುತ್ತಿದ್ದಂತೆಯೇ ನಿದ್ದೆ ಬಂದು ಕರೆದುಕೊಂಡು ಹೋಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಅವನು ಮಂಚದ ಅಂಚಿನಲ್ಲಿ ಕೂತ. ಮಂಚ ಕಿರುಗುಟ್ಟಿತು. ಅವಳು ಅಲುಗಲಿಲ್ಲ.

ನಿನ್ನೆ ರಾತ್ರಿ ಕತ್ತಲಲ್ಲಿ ಗೊರಕೆಯನ್ನಷ್ಟೇ ಕೇಳಿದ್ದ. ನಿದ್ದೆಯ ಮುಖವನ್ನು ನೋಡಿರಲಿಲ್ಲ. ಅವನು ಯಾವಾಗ ಎಚ್ಚರಾದರೂ ಅವಳ ಕಣ್ಣುಗಳು ಮೊದಲೇ ತೆರೆದಿರುತ್ತಿದ್ದವು. ಈಗ ಹುಬ್ಬುಗಳ ನಡುವಿನ ಗೆರೆ ಇರಲಿಲ್ಲ. ಅದು ಹುಟ್ಟಿನಿಂದ ಬಂದದ್ದೆಂದು ಅವನು ತಿಳಿದಿದ್ದ. ಗೆರೆಯಿಲ್ಲದ ಆ ಮುಖ ಯಾರದೋ ಹುಡುಗಿಯದು; ಅವನಿಗೆ ಪರಿಚಯವಿಲ್ಲ.

"ಬಂದೆ," ಎಂದ ಮೆಲ್ಲಗೆ.

ಉಸಿರು ಏರಿತು, ಇಳಿಯಿತು.

"ಕತೆ ಹೇಳ್ತೀನಿ ಅಂದಿದ್ಯಲ್ಲ."

ಮುಟ್ಟಿ ಎಬ್ಬಿಸಬಹುದಿತ್ತು. ಕೈ ಅವಳ ಭುಜದವರೆಗೆ ಹೋಗಿ ನಿಂತಿತು. ನಡುಕವಿಲ್ಲದ, ಒಳ್ಳೆಯ, ವಾಸಿಯಾದ ಕೈ. ಅದನ್ನು ಹಿಂದಕ್ಕೆ ತೆಗೆದುಕೊಂಡ.

ಹಾಲಿಗೆ ಬಂದು ನಿಂತು ಪೈಲ್ವಾನನ ಕತೆ ಶುರುಮಾಡಿದ. ಮೊದಲು ಪಿಸುದನಿಯಲ್ಲಿ. ಹಕ್ಕಿ ಗೂಡು ಕಟ್ಟಿತು, ಮೊಟ್ಟೆ ಇಟ್ಟಿತು, ಹೆಣ್ಣಿನ ಕಡೆಯವರು ಬಂದಾಗ ಮರಿಗಳು ಚಿಲಿಪಿಲಿ ಎಂದವು. ಮಾತ್ರೆ ಹಕ್ಕಿಯನ್ನು ಹಕ್ಕಿಯಷ್ಟೇ ಮಾಡಿತ್ತು. ಅವನು ದನಿಯನ್ನು ಏರಿಸಿದ. ಕತೆ ಹಿಗ್ಗದಿದ್ದರೆ ದನಿಯಾದರೂ ಹಿಗ್ಗಲಿ. ಕೋಣೆಯಿಂದ ಗೊರಕೆ, ಸಣ್ಣಗೆ, ನೆಮ್ಮದಿಯಾಗಿ. ಪೈಲ್ವಾನ ಬಿಟ್ಟು ಪೋಸ್ಟ್‌ಮ್ಯಾನನನ್ನು ಹಿಡಿದ. ಕೂಗಿದ. ಕಿಟಕಿಯ ಗಾಜು ಝಲ್ಲೆಂದಿತು. ಕ್ರೇನ್, ಆನೆ, ಕೊಡೆ, ಮೊಟ್ಟೆ, ಯಾವುದು ಯಾವ ಕತೆಯದೆಂದು ಅವನಿಗೇ ಗೊತ್ತಾಗದಷ್ಟು ಜೋರಾಗಿ ಕೂಗಿದ. ಇಷ್ಟು ಸದ್ದಿಗೆ ಹೆಣವೂ ಎದ್ದು ಕೂತು, ಯಾರ್ರೀ ಅದು, ಅನ್ನಬೇಕು.

ಧಡ್.

ಕೆಳಗಿನಿಂದ. ನೆಲದಡಿಯಿಂದ.

ಧಡ್, ಧಡ್. ಕೆಳಗಿನ ಮನೆಯವರು ಯಾವುದೋ ಕೋಲಿನಿಂದ ತಮ್ಮ ಸೂರಿಗೆ ಕುಟ್ಟುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಬಾಯಿ ಮುಚ್ಚು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷೆ ಇಲ್ಲ.

ಅವನು ಥಟ್ಟನೆ ನಿಲ್ಲಿಸಿದ. ಆಮೇಲೆ, ಯಾಕೆಂದು ಗೊತ್ತಿಲ್ಲದೆ, ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟಿದ.

ಕೆಳಗೆ ಒಂದು ಗಳಿಗೆ ಮೌನ. ಆಮೇಲೆ: ಧಡ್, ಧಡ್.

ಬೈಗುಳವೇ ಇರಲಿ. ಇಡೀ ದಿನದಲ್ಲಿ ಮೊದಲ ಬಾರಿ, ತಾನು ಅಂದದ್ದಕ್ಕೆ ಯಾರೋ ಅಷ್ಟಕ್ಕೆ ಅಷ್ಟು ಅಂದಿದ್ದರು. ಮಂಡಿಯೂರಿದ. ಮುಷ್ಟಿಯಿಂದ ಮೂರು ಸಲ ಕುಟ್ಟಿದ. ಉತ್ತರ ಬರಲಿಲ್ಲ. ಬಗ್ಗಿದ. ಕೊನೆಗೆ ಉದ್ದಕ್ಕೆ ಮಲಗಿ, ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಒತ್ತಿ, ಕಿವಿ ಇಟ್ಟು, ಉಸಿರು ಬಿಗಿಹಿಡಿದು ಕಾದ. ಒಂದು ಕೈ ಮೈಯಡಿಯಲ್ಲಿ ಸಿಕ್ಕಿಕೊಂಡಿತ್ತು.

ಕೆಳಗೆ ಯಾವುದೋ ಬಾಗಿಲು ಹಾಕಿಕೊಂಡಿತು. ಅಷ್ಟೇ. ಮನೆಯಲ್ಲಿ ಸದ್ದಿಲ್ಲ.

ಆಗ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

ಅವನ ಅಷ್ಟು ಕೂಗಿಗೆ ಏಳದವಳು, ಕೂಗು ನಿಂತದ್ದಕ್ಕೆ ಎದ್ದಿದ್ದಳು.

ನೆಲ ಅವಳ ಹೆಜ್ಜೆಗಳನ್ನು ಅವನ ಕಿವಿಗೆ ತಂದುಕೊಟ್ಟಿತು. ಬರಿಗಾಲು. ಒಂದು ಹೆಜ್ಜೆಗೆ ಗೆಜ್ಜೆ, ಒಂದಕ್ಕಿಲ್ಲ. ತಾನು ಯಾವ ಭಂಗಿಯಲ್ಲಿ ಬಿದ್ದುಕೊಂಡಿದ್ದೇನೆ ಎನ್ನುವುದು ಅವನಿಗೆ ಆಗ ಹೊಳೆಯಿತು. ಹೊರಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎನ್ನುವುದೂ. ಏಳಬಹುದು. ಏಳದಿದ್ದರೂ, "ಏನಿಲ್ಲ ಮಲಕ್ಕೊ" ಎಂದು ಒಂದು ಮಾತು ಅನ್ನಬಹುದು. ಅಂದರೆ ಅವಳು ಹೋಗಿ ಮಲಗುತ್ತಾಳೆ, ಆ ಗೆರೆಯಿಲ್ಲದ ಹುಡುಗಿ. ಅನ್ನದಿದ್ದರೆ ಓಡಿ ಬರುತ್ತಾಳೆ, ಮತ್ತೆಂದೂ ಹಾಗೆ ಮಲಗಲಾರಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವಾದ ಮಾತಾಗಿತ್ತು, ಚಿಕ್ಕದಾಗಿತ್ತು. ಅವನು ಹಲ್ಲು ಕಚ್ಚಿ ಸುಮ್ಮನೆ ಬಿದ್ದುಕೊಂಡ.

ಹೆಜ್ಜೆ ಹೊಸ್ತಿಲಲ್ಲಿ ನಿಂತಿತು. ನೆಲಕ್ಕೆ ಅಂಟಿದ್ದ ಅವನ ಒಂದು ಕಣ್ಣಿಗೆ, ಆರುತ್ತಿದ್ದ ಬೆಳಕಿನಲ್ಲಿ, ಅವಳ ಎರಡು ಪಾದ ಮಾತ್ರ ಕಂಡವು. ಊರಿದ್ದ ಒಂದು. ಅದರ ಹಿಂದೆ ಇನ್ನೊಂದು, ಬೆರಳು ಮಾತ್ರ ನೆಲದ ಮೇಲೆ, ಹಿಮ್ಮಡಿ ಎತ್ತಿದ್ದು. ಮುಂದಕ್ಕೆ ಓಡುವವರೂ ಹಾಗೆಯೇ ಎತ್ತುತ್ತಾರೆ, ಹಿಂದಕ್ಕೆ ತಿರುಗುವವರೂ ಹಾಗೆಯೇ. ಆ ಹಿಮ್ಮಡಿ ಗಾಳಿಯಲ್ಲಿ ನಿಂತಿತ್ತು, ಸಣ್ಣಗೆ ನಡುಗುತ್ತ.